ಒಂದು ಮನೆ, ಮೂವರು ಮಕ್ಕಳು, ಎರಡು ಸೇನೆ

ಇತಿಹಾಸದ ಪರೀಕ್ಷೆಯಲ್ಲಿ ಆಗಾಗ ಕಾಣಿಸಿಕೊಳ್ಳುವ ಪ್ರಶ್ನೆ ಒಂದಿದೆ: ಆಜಾದ್ ಹಿಂದ್ ಫೌಜ್ ಬಗ್ಗೆ ಟಿಪ್ಪಣಿ ಬರೆಯಿರಿ. ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ಸುಭಾಷರು, ಸಿಂಗಪುರ, ಇಂಫಾಲ, ಕೆಂಪುಕೋಟೆಯ ವಿಚಾರಣೆ. ಎರಡನೇ ಮಹಾಯುದ್ಧದಲ್ಲಿ ಭಾರತದ ಪಾತ್ರವೇನು ಎಂಬ ಪ್ರಶ್ನೆ ಬಂದರೆ ಅದಕ್ಕೂ ಬೇರೆ ಉತ್ತರ ಸಿದ್ಧವಾಗಿರುತ್ತದೆ: ಸುಮಾರು 25 ಲಕ್ಷ ಭಾರತೀಯರು ಬ್ರಿಟಿಷ್ ಭಾರತೀಯ ಸೇನೆಯಲ್ಲಿ ಹೋರಾಡಿದರು, ಆಫ್ರಿಕಾ, ಇಟಲಿ, ಬರ್ಮಾ ಇತ್ಯಾದಿ. ಎರಡು ಪ್ರಶ್ನೆ, ಎರಡು ಉತ್ತರ, ನಡುವೆ ಒಂದು ಗೆರೆ. ಈ ಎರಡೂ ಉತ್ತರಗಳು ಒಂದೇ ಮನೆಯ ಊಟದ ಎಲೆಯ ಮುಂದೆ ಕುಳಿತಿದ್ದರೆ ಹೇಗಿದ್ದೀತು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಹಾಗೆ ಕುಳಿತಿದ್ದ ಮನೆ ನಮ್ಮ ನಾಡಿನಲ್ಲೇ ಇತ್ತು. ಮಡಿಕೇರಿಯಲ್ಲಿ.

ಕೊಡವರ ಹೆಸರುಗಳನ್ನು ಗಮನಿಸಿದ್ದೀರಾ? ಮೊದಲು ಒಕ್ಕದ ಹೆಸರು, ಅಂದರೆ ಮನೆತನದ್ದು. ಆಮೇಲೆ ತಂದೆಯದು. ಕೊನೆಗೆ ತನ್ನದು. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಎಂದರೆ ಕೊಡಂದೇರ ಒಕ್ಕದ, ಸುಬ್ಬಯ್ಯನವರ ಮಗ ತಿಮ್ಮಯ್ಯ. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂದರೆ ಅದೇ ಒಕ್ಕದ ಮಾದಪ್ಪನವರ ಮಗ ಕಾರ್ಯಪ್ಪ. ಒಂದು ಹೆಸರಿನಲ್ಲೇ ಮೂರು ಮೆಟ್ಟಿಲ ವಂಶಾವಳಿ ಇರುತ್ತದೆ. ನಮ್ಮ ಬಯಲುಸೀಮೆಯವರು ಹೆಸರಿನ ಹಿಂದೆ ಊರನ್ನೋ ತಂದೆಯನ್ನೋ ಒಂದೊಂದು ಅಕ್ಷರವಾಗಿ ಕುಗ್ಗಿಸಿ ಇಟ್ಟುಕೊಂಡು, ಮೊಮ್ಮಕ್ಕಳ ಕಾಲಕ್ಕೆ ಆ ಅಕ್ಷರ ಏನೆಂಬುದನ್ನೇ ಮರೆತುಬಿಡುತ್ತೇವೆ. ಕೊಡವರಿಗೆ ಆ ತೊಂದರೆ ಇಲ್ಲ. ಐನ್‌ಮನೆ ಎಂಬ ಮೂಲಮನೆ ಇದೆ, ಕಾರಣವರಿಗೆ ಎಡೆ ಇಡುವ ಪದ್ಧತಿ ಇದೆ, ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳಿಗೆ ಪೂಜೆ ಇದೆ. ಸತ್ತವರೂ ಅವರ ಕತ್ತಿಗಳೂ ಮನೆಯ ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ.

ಕೊಡಂದೇರ ಒಕ್ಕದ ಇಬ್ಬರು ಸ್ವತಂತ್ರ ಭಾರತದ ಭೂಸೇನೆಯ ಮುಖ್ಯಸ್ಥರಾದರು. 1949ರ ಜನವರಿ 15ರಂದು ಕಾರ್ಯಪ್ಪ, 1957ರ ಮೇ ತಿಂಗಳಲ್ಲಿ ತಿಮ್ಮಯ್ಯ. ಕೊಡಗಿನಂಥ ಪುಟ್ಟ ಜಿಲ್ಲೆಯ ಒಂದೇ ಮನೆತನಕ್ಕೆ ಇದು ಸಣ್ಣ ಮಾತಲ್ಲ. ಇವರಿಬ್ಬರ ಹೆಸರೂ ನಮಗೆ ಗೊತ್ತು. ಪ್ರತಿಮೆಗಳಿವೆ, ವೃತ್ತಗಳಿವೆ, ಕ್ವಿಜ್ ಪುಸ್ತಕಗಳಲ್ಲಿ ಪ್ರಶ್ನೆಗಳಿವೆ. ಆದರೆ ನಾನು ಹೇಳಹೊರಟಿರುವುದು ತಿಮ್ಮಯ್ಯನವರ ಜೊತೆಗೆ ಅವರ ಅಣ್ಣ ಮತ್ತು ತಮ್ಮನ ವಿಷಯ. ಪೊನ್ನಪ್ಪ ಮತ್ತು ಸೋಮಯ್ಯ ಎಂಬ ಹೆಸರುಗಳನ್ನು ಕೊಡಗಿನ ಹೊರಗೆ ಕೇಳಿದವರು ಕಡಿಮೆ.

ತಂದೆ ಸುಬ್ಬಯ್ಯನವರು ಕಾಫಿ ಬೆಳೆಗಾರರು. ತಾಯಿ ಚೆಪ್ಪುಡಿ ಮನೆತನದವರು, ಓದಿದವರು, ಸಮಾಜಸೇವೆಯಲ್ಲಿ ತೊಡಗಿದ್ದವರು. ಆರು ಮಕ್ಕಳಲ್ಲಿ ಗಂಡುಮಕ್ಕಳು ಮೂವರು: ಪೊನ್ನಪ್ಪ, ತಿಮ್ಮಯ್ಯ, ಸೋಮಯ್ಯ. ಮೂವರೂ ಸೇನೆಯ ಅಧಿಕಾರಿಗಳಾದರು. 1906ರಲ್ಲಿ ಹುಟ್ಟಿದ ತಿಮ್ಮಯ್ಯನವರನ್ನು ಎಂಟನೇ ವಯಸ್ಸಿಗೇ ಕೂನೂರಿನಲ್ಲಿ ಐರಿಷ್ ಪಾದ್ರಿಗಳು ನಡೆಸುತ್ತಿದ್ದ ಸೇಂಟ್ ಜೋಸೆಫ್ಸ್ ಶಾಲೆಗೆ ಕಳಿಸಿದರು. ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ. 1922ರಲ್ಲಿ ಡೆಹರಾಡೂನಿನಲ್ಲಿ ಆಗತಾನೇ ತೆರೆದ ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿ. ಎಂಟು ವರ್ಷದ ಹುಡುಗನನ್ನು ಬೆಟ್ಟ ಹತ್ತಿಸಿ ಪರಊರಿನ ಹಾಸ್ಟೆಲಿನಲ್ಲಿ ಬಿಟ್ಟುಬರುವ ಧೈರ್ಯ ಇಂದಿನ ತಂದೆತಾಯಿಗಳಿಗೆ ಬರುವುದು ಕಷ್ಟ. ಆಗಿನ ಕೊಡಗಿನ ಉಳ್ಳವರ ಮನೆಗಳಲ್ಲಿ ಅದು ನಡೆದುಬಂದ ರೀತಿ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ದೇಶ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದಾಗ ಬ್ರಿಟಿಷರ ಸಮವಸ್ತ್ರ ತೊಟ್ಟು ನಿಲ್ಲುವುದು ಹೇಗೆ? ಈ ಪ್ರಶ್ನೆ ಈಗಿನ ಮಕ್ಕಳಿಗೆ ಮಾತ್ರ ಹೊಳೆದದ್ದಲ್ಲ, ತಿಮ್ಮಯ್ಯನವರನ್ನೂ ಕಾಡಿತ್ತು. ಅಲಹಾಬಾದಿನಲ್ಲಿ ರೆಜಿಮೆಂಟ್ ಇದ್ದಾಗ ಅವರಿಗೆ ಮೋತಿಲಾಲ್ ನೆಹರೂ ಅವರ ಪರಿಚಯವಾಯಿತು. ಹಂಫ್ರಿ ಇವಾನ್ಸ್ ಬರೆದ ಜೀವನಚರಿತ್ರೆಯಲ್ಲಿ ಈ ಪ್ರಸಂಗ ಬರುತ್ತದೆ. ಕೆಲಸ ಬಿಟ್ಟುಬಿಡಲೇ ಎಂಬ ಸಂಕಟದಲ್ಲಿದ್ದ ಯುವಕನಿಗೆ ಆ ಹಿರಿಯರು ಕೊಟ್ಟ ಸಲಹೆಯ ತಿರುಳು ಇಷ್ಟು: ಬಿಡಬೇಡ, ಕಲಿ, ಸ್ವಾತಂತ್ರ್ಯ ಬಂದೇ ಬರುತ್ತದೆ, ಬಂದ ಮೇಲೆ ದೇಶವನ್ನು ಕಾಯಲು ಕೆಲಸ ಗೊತ್ತಿರುವ ಜನ ಬೇಕು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು, ಜೈಲು ಕಂಡವರು ಹೇಳಿದ ಮಾತು ಇದು ಎಂಬುದನ್ನು ನೆನಪಿಡಬೇಕು.

ಕಲಿಯುವುದೂ ಸುಲಭವಿರಲಿಲ್ಲ. ಭಾರತೀಯ ಅಧಿಕಾರಿಯ ಆಜ್ಞೆಗೆ ಬ್ರಿಟಿಷ್ ಅಧಿಕಾರಿ ತಲೆಬಾಗುವ ಸಂದರ್ಭವೇ ಬರಬಾರದೆಂದು 1923ರಲ್ಲಿ ಒಂದು ಉಪಾಯ ಮಾಡಿದರು. ಇಡೀ ಸೇನೆಯಲ್ಲಿ ಎಂಟು ಪಡೆಗಳನ್ನು ಆರಿಸಿ, ಭಾರತೀಯ ಅಧಿಕಾರಿಗಳನ್ನೆಲ್ಲ ಅವಕ್ಕೇ ಹಾಕತೊಡಗಿದರು. ಊರಾಚೆ ಕೇರಿ ಮಾಡಿದ ಹಾಗೆ. ಕಾರ್ಯಪ್ಪನವರ ರಜಪೂತ್ ಬೆಟಾಲಿಯನ್, ತಿಮ್ಮಯ್ಯನವರ 4/19 ಹೈದರಾಬಾದ್ ಬೆಟಾಲಿಯನ್ ಎರಡೂ ಆ ಎಂಟರಲ್ಲಿದ್ದವು. ಅನೇಕ ಕ್ಲಬ್ಬುಗಳಲ್ಲಿ ಭಾರತೀಯ ಅಧಿಕಾರಿಗೆ ಪ್ರವೇಶವಿರಲಿಲ್ಲ. ಮುಂದೆ ಸಿಂಗಪುರದಲ್ಲಿ ನಡೆದದ್ದನ್ನು ಅರ್ಥಮಾಡಿಕೊಳ್ಳಲು ಈ ಅವಮಾನಗಳ ಲೆಕ್ಕ ಬೇಕಾಗುತ್ತದೆ.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಯರಿಗೆ ಶರಣಾಯಿತು. ಎರಡು ದಿನಗಳ ನಂತರ ಫ್ಯಾರರ್ ಪಾರ್ಕ್ ಎಂಬ ಮೈದಾನದಲ್ಲಿ ಸುಮಾರು 40 ಸಾವಿರ ಭಾರತೀಯ ಸೈನಿಕರನ್ನು ಸೇರಿಸಿದರು. ಬ್ರಿಟಿಷ್ ಅಧಿಕಾರಿಗಳನ್ನು ಅದಾಗಲೇ ಬೇರೆ ಕಡೆ ಒಯ್ದಿದ್ದರು. ಒಬ್ಬ ಬ್ರಿಟಿಷ್ ಅಧಿಕಾರಿ ಮಾತ್ರ ಬಂದು, ಇನ್ನು ನೀವು ಜಪಾನಿಯರ ವಶ, ಅವರು ಹೇಳಿದಂತೆ ಕೇಳಿ ಎಂದು ಹೇಳಿ ಹೊರಟುಹೋದ. ಆಮೇಲೆ ಜಪಾನಿನ ಮೇಜರ್ ಫುಜಿವಾರ ಮಾತಾಡಿದ. ಕೊನೆಗೆ ಕ್ಯಾಪ್ಟನ್ ಮೋಹನ್ ಸಿಂಗ್ ಎದ್ದುನಿಂತು ಭಾರತದ ಬಿಡುಗಡೆಗಾಗಿ ಸೇನೆಯೊಂದನ್ನು ಕಟ್ಟುವ ಕರೆ ಕೊಟ್ಟರು.

ಆ ಮೈದಾನದಲ್ಲಿ ಕುಳಿತವನ ಜಾಗದಲ್ಲಿ ನಿಮ್ಮನ್ನು ಇರಿಸಿಕೊಂಡು ನೋಡಿ. ಯಾವ ಸಾಮ್ರಾಜ್ಯಕ್ಕಾಗಿ ಸಾಯಲು ಸಿದ್ಧನಿದ್ದೆನೋ ಅದರ ಪ್ರತಿನಿಧಿ ಕೈ ಒರೆಸಿಕೊಂಡು ಹೋಗಿದ್ದಾನೆ. ಎದುರಿಗೆ ನಿಂತವನು ದೇಶದ ಸ್ವಾತಂತ್ರ್ಯದ ಮಾತಾಡುತ್ತಿದ್ದಾನೆ. ಅವನ ಪಕ್ಕದಲ್ಲಿರುವ ಜಪಾನಿನ ಸೇನೆ ಚೀನಾದಲ್ಲಿ ಏನು ಮಾಡಿದೆ ಎಂಬ ಸುದ್ದಿಯೂ ಕಿವಿಗೆ ಬಿದ್ದಿದೆ. ಸೇರಿದರೆ ಸೈನಿಕನಾಗಿ ಕೊಟ್ಟ ಮಾತು ಮುರಿಯುತ್ತದೆ. ಸೇರದಿದ್ದರೆ ಸೆರೆಮನೆ. ಒಪ್ಪದೆ ಉಳಿದ ಎಷ್ಟೋ ಭಾರತೀಯ ಕೈದಿಗಳನ್ನು ಜಪಾನಿಯರು ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು, ಹಸಿವು ರೋಗಗಳಿಂದ ಅಲ್ಲಿ ಸತ್ತವರು ಬಹಳ ಮಂದಿ. ಕೆಲವರು ದೇಶಭಕ್ತಿಯಿಂದ ಸೇರಿದರು, ಕೆಲವರು ಅವಮಾನಗಳ ಸಿಟ್ಟಿನಿಂದ, ಕೆಲವರು ತಮ್ಮ ಕೈಕೆಳಗಿನ ಹುಡುಗರನ್ನು ಉಳಿಸಿಕೊಳ್ಳಲು, ಕೆಲವರು ಹೆದರಿ. ಅನೇಕರಲ್ಲಿ ಇವೆಲ್ಲ ಬೆರೆತಿದ್ದಿರಬೇಕು. ಮನುಷ್ಯರು ಒಂದೇ ಕಾರಣಕ್ಕೆ ಒಂದು ಕೆಲಸ ಮಾಡುವುದು ಪಠ್ಯಪುಸ್ತಕಗಳಲ್ಲಿ ಮಾತ್ರ.

ಸಿಂಗಪುರದಲ್ಲಿ ಸೆರೆಸಿಕ್ಕ ಭಾರತೀಯ ಅಧಿಕಾರಿಗಳಲ್ಲಿ ಪೊನ್ನಪ್ಪನವರೂ ಒಬ್ಬರು. ಅವರು ಆಜಾದ್ ಹಿಂದ್ ಫೌಜ್ ಸೇರಿದರು.

ತಮ್ಮ ತಿಮ್ಮಯ್ಯ ಹಳೆಯ ಸೇನೆಯಲ್ಲೇ ಇದ್ದರು. 1944ರ ಹೊತ್ತಿಗೆ ಅವರು 8/19 ಹೈದರಾಬಾದ್ ಬೆಟಾಲಿಯನ್ನಿನ ದಂಡನಾಯಕ, ಬರ್ಮಾದ ಅರಕಾನ್ ಕರಾವಳಿಯಲ್ಲಿ, ಜಪಾನಿಯರ ಎದುರು. ಅಣ್ಣನ ಸೇನೆ ಯಾರ ಜೊತೆಗಿತ್ತೋ ಅವರ ಮೇಲೆ ತಮ್ಮ ಗುಂಡು ಹಾರಿಸುತ್ತಿದ್ದ. ನಾಟಕದಲ್ಲಿ ಬರೆದಿದ್ದರೆ ಅತಿಯಾಯಿತು ಎಂದು ವಿಮರ್ಶಕರು ಆಕ್ಷೇಪಿಸುತ್ತಿದ್ದರೇನೋ.

ಅರಕಾನಿನ ಆ ಯುದ್ಧವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಅದಕ್ಕೆ ಜಾಗವಿಲ್ಲ. 1945ರ ಜನವರಿಯಲ್ಲಿ ಜಪಾನಿಯರು ಕರಾವಳಿಯ ಒಂದೇ ರಸ್ತೆಯಲ್ಲಿ ದಕ್ಷಿಣಕ್ಕೆ ಹಿಂದೆಗೆಯುತ್ತಿದ್ದರು. ಆ ರಸ್ತೆಯನ್ನು ಕಾಂಗಾವ್ ಎಂಬ ಹಳ್ಳಿಯ ಬಳಿ ತುಂಡರಿಸಬೇಕಿತ್ತು. ಅಲ್ಲಿಗೆ ಹೋಗಲು ದಾರಿಯೆಂದರೆ ಕಾಂಡ್ಲಾ ಕಾಡಿನ ನಡುವಿನ ಉಪ್ಪುನೀರಿನ ಕಾಲುವೆಗಳು. ದೋಣಿಗಳಲ್ಲಿ ಬಂದು, ಕೆಸರಿನಲ್ಲಿ ಇಳಿದು, ಶತ್ರುವಿನ ಫಿರಂಗಿಗಳ ಕಣ್ಣೆದುರೇ ಗುಡ್ಡಗಳನ್ನು ಹಿಡಿಯಬೇಕು. ಈ ಕೆಲಸಕ್ಕೆ ಬಂದ 51ನೇ ಬ್ರಿಗೇಡಿನಲ್ಲಿ ಒಂದು ವಿಶೇಷವಿತ್ತು. ಅದರ ಮೂರೂ ಬೆಟಾಲಿಯನ್ನುಗಳು ಭಾರತೀಯರವು, ಮೂರಕ್ಕೂ ಭಾರತೀಯರೇ ದಂಡನಾಯಕರು: ಬಲೂಚ್ ಬೆಟಾಲಿಯನ್ನಿಗೆ ಎಲ್.ಪಿ. ಸೇನ್, ಪಂಜಾಬಿಗೆ ಎಸ್.ಪಿ.ಪಿ. ತೋರಟ್, ಹೈದರಾಬಾದಿಗೆ ತಿಮ್ಮಯ್ಯ. ಮೆಲ್ರೋಸ್ ಎಂದು ಹೆಸರಿಟ್ಟಿದ್ದ ಗುಡ್ಡವನ್ನು ಜನವರಿಯ ಕೊನೆಯಲ್ಲಿ ತೋರಟರ ಪಂಜಾಬಿಗಳು ಬಯೊನೆಟ್ ಹಿಡಿದು ನುಗ್ಗಿ ಗೆದ್ದರು. ಮೂವರು ದಂಡನಾಯಕರಿಗೂ ಡಿಎಸ್‌ಓ ಪದಕ ಬಂತು. ಭಾರತೀಯನಿಗೆ ಗುಂಡು ಹಾರಿಸಲು ಬರುತ್ತದೆ, ನಾಯಕತ್ವ ಬರುವುದಿಲ್ಲ ಎಂದು ಅದುವರೆಗೆ ಹೇಳಿಕೊಂಡು ಬಂದವರಿಗೆ ಆ ಕೆಸರಿನಲ್ಲಿ ಉತ್ತರ ಸಿಕ್ಕಿತು. ಆಮೇಲೆ ತಿಮ್ಮಯ್ಯ 36ನೇ ಬ್ರಿಗೇಡಿನ ಮುಖ್ಯಸ್ಥರಾಗಿ, ಯುದ್ಧಭೂಮಿಯಲ್ಲಿ ಬ್ರಿಗೇಡ್ ನಡೆಸಿದ ಮೊದಲ ಭಾರತೀಯ ಎನಿಸಿದರು.

1945ರ ಸೆಪ್ಟೆಂಬರ್ 12ರಂದು ಜಪಾನಿಯರು ಸಿಂಗಪುರದಲ್ಲಿ ಶರಣಾಗತಿಗೆ ಸಹಿ ಹಾಕಿದಾಗ ಭಾರತದ ಪರವಾಗಿ ಅಲ್ಲಿದ್ದವರು ತಿಮ್ಮಯ್ಯ. ಮೂರೂವರೆ ವರ್ಷಗಳ ಹಿಂದೆ ಅಣ್ಣ ಸೆರೆಸಿಕ್ಕಿದ್ದ ಅದೇ ಊರು.

ಅಣ್ಣತಮ್ಮಂದಿರಲ್ಲಿ ಯಾರು ಸರಿ? ಶಾಲೆಗಳ ಚರ್ಚಾಕೂಟಗಳಲ್ಲಿ ಇದನ್ನು ವಿಷಯವಾಗಿ ಇಡುವುದುಂಟು, ಪರ ಮೂವರು, ವಿರೋಧ ಮೂವರು, ಗೆದ್ದವರಿಗೆ ಸ್ಟೀಲಿನ ಲೋಟ. ನನಗೆ ಅದು ಹಿಡಿಸುವುದಿಲ್ಲ. ಹಳೆಯ ಸೇನೆ ಕಾದಿದ್ದು ಸಾಮ್ರಾಜ್ಯಕ್ಕಾಗಿ ಎನ್ನುವುದು ನಿಜ. 1942ರ ಚಳವಳಿಯನ್ನು ಹತ್ತಿಕ್ಕಲು ಸರ್ಕಾರ ಬಳಸಿದ್ದೂ ಸೇನೆಯ ತುಕಡಿಗಳನ್ನೇ. ಫೌಜು ಯಾರ ಹೆಗಲ ಮೇಲೆ ಕೈಯಿಟ್ಟು ನಿಂತಿತ್ತೋ ಆ ಜಪಾನು ಅಂಡಮಾನಿನಲ್ಲಿ ಭಾರತೀಯರನ್ನೇ ಹಿಂಸಿಸಿ ಕೊಂದದ್ದೂ ನಿಜ. ಇಷ್ಟಾಗಿಯೂ 1945ರ ನವೆಂಬರಿನಲ್ಲಿ ಕೆಂಪುಕೋಟೆಯಲ್ಲಿ ಷಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ವಿಚಾರಣೆ ಶುರುವಾದಾಗ ಇಡೀ ದೇಶ ಅವರ ಹಿಂದೆ ನಿಂತಿತು. ಭುಲಾಭಾಯಿ ದೇಸಾಯಿ ವಾದಿಸಿದರು, ಜವಾಹರಲಾಲ್ ನೆಹರೂ ಎಷ್ಟೋ ವರ್ಷಗಳ ಮೇಲೆ ವಕೀಲರ ಕರಿಕೋಟು ಹಾಕಿಕೊಂಡರು. ಗಡೀಪಾರಿನ ಶಿಕ್ಷೆ ಆಯಿತು, ಕೂಡಲೇ ಅದನ್ನು ಮನ್ನಾ ಮಾಡಬೇಕಾಯಿತು. ಆ ಮೂವರನ್ನು ಶಿಕ್ಷಿಸಿದರೆ ತನ್ನ ಸೇನೆಯೇ ತನ್ನ ಕೈಯಲ್ಲಿ ಉಳಿಯುವುದೇ ಎಂಬ ಅನುಮಾನ ಬ್ರಿಟಿಷರಿಗೆ ಬಂದಿತ್ತು. ಅಂದರೆ ಎರಡು ಸೇನೆಗಳ ನಡುವಿನ ಗೆರೆ ಬ್ಯಾರಕ್ಕುಗಳಲ್ಲೂ ಅಷ್ಟು ಗಟ್ಟಿಯಾಗಿರಲಿಲ್ಲ. ಮನೆಗಳಲ್ಲಂತೂ ಇರಲೇ ಇಲ್ಲ.

ಆದರೂ ಸ್ವಾತಂತ್ರ್ಯ ಬಂದ ಮೇಲೆ ಫೌಜಿನವರನ್ನು ಭಾರತದ ಸೇನೆಗೆ ಮರಳಿ ಸೇರಿಸಿಕೊಳ್ಳಲಿಲ್ಲ. ಶಿಸ್ತಿನ ಪ್ರಶ್ನೆ ಎಂದರು. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯ ಕೇಂದ್ರ ಯೋಜನೆ ಅವರನ್ನೂ ಒಳಗೊಂಡು ಜಾರಿಗೆ ಬಂದದ್ದು 1972ರಲ್ಲಿ. ಸಭೆಗಳಲ್ಲಿ ಹಾರ, ಕಚೇರಿಗಳಲ್ಲಿ ಕಾಯುವಿಕೆ. ಒಬ್ಬ ಮಗನ ಸೇವಾದಾಖಲೆ ಪದಕಗಳ ಪಟ್ಟಿಯಾಗಿ ಬೆಳೆಯುತ್ತಿದ್ದ ಕಾಲಕ್ಕೆ ಇನ್ನೊಬ್ಬನ ದಾಖಲೆ ನಡುವೆಯೇ ನಿಂತುಹೋದ ಕುಟುಂಬಗಳು ಪಂಜಾಬಿನಲ್ಲಿ, ಗಢವಾಲಿನಲ್ಲಿ, ತಮಿಳುನಾಡಿನಲ್ಲಿ ಎಷ್ಟಿದ್ದವೋ.

ಮೂರನೆಯವರು ಸೋಮಯ್ಯ. 1947ರ ಕೊನೆಯಲ್ಲಿ ಕಾಶ್ಮೀರದ ಯುದ್ಧ ಶುರುವಾಯಿತು. ಅದು ಒಂದು ಬಗೆಯಲ್ಲಿ ಕೊಡಂದೇರ ಒಕ್ಕದ ಯುದ್ಧವೂ ಆಗಿತ್ತು ಎಂದರೆ ತಪ್ಪಾಗಲಾರದು. ಪಶ್ಚಿಮ ಕಮಾಂಡಿನ ಒಟ್ಟು ಹೊಣೆ ಕಾರ್ಯಪ್ಪನವರದು. ಶ್ರೀನಗರದ ಕಡೆಯ ಡಿವಿಷನ್ ತಿಮ್ಮಯ್ಯನವರದು. ಆ ಕಾರ್ಯಾಚರಣೆಯ ಕಾಲದಲ್ಲೇ ನೆಲಬಾಂಬು ಸಿಡಿದು ಸೋಮಯ್ಯ ತೀರಿಕೊಂಡರು. ಅಣ್ಣ ಸೇನಾನಿಯಾಗಿದ್ದ ರಣರಂಗದಲ್ಲೇ ತಮ್ಮನ ಸಾವು. ತಿಮ್ಮಯ್ಯನವರ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಹೇಳಿ ಜೋಜಿಲಾ ಕಣಿವೆಗೆ ಧಾವಿಸುತ್ತಾರೆ. ಜೋಜಿಲಾ ರೋಚಕವೇ, ಇಲ್ಲವೆನ್ನುವುದಿಲ್ಲ. 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಮೇಲೆ, ಹಿಮದ ನಡುವೆ, ಟ್ಯಾಂಕುಗಳು ಬರಲಾರವು ಎಂದು ಶತ್ರು ನಂಬಿದ್ದ ಜಾಗಕ್ಕೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಏರಿದವು, ಡಿವಿಷನ್ನಿನ ಮುಖ್ಯಸ್ಥರೇ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಲಡಾಖಿನ ದಾರಿ ತೆರೆಯಿತು. ಆದರೆ ಕುಟುಂಬದ ಚರಿತ್ರೆ ಎಂದು ಓದುವಾಗ ಆ ಒಂದು ಸಾಲಿನ ಮುಂದೆ ನಿಲ್ಲಬೇಕು. ಜೋಜಿಲಾ ದೇಶದ್ದು, ಸೋಮಯ್ಯ ಮನೆಯವರು.

ಐದು ವರ್ಷಗಳ ಮೇಲೆ ಇನ್ನೊಂದು ಯುದ್ಧ ಮುಗಿಯಿತು, ಕೊರಿಯಾದಲ್ಲಿ. ಕದನವಿರಾಮದ ನಂತರ ತೊಡಕು ಉಳಿದದ್ದು ಕೈದಿಗಳದು. ತಮ್ಮ ದೇಶಕ್ಕೆ ಮರಳಲು ಒಪ್ಪದ ಕೈದಿಗಳು ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿ 22,604 ಮಂದಿ ಇದ್ದರು, ಉತ್ತರದವರ ವಶದಲ್ಲಿ 359 ಮಂದಿ. ಅವರವರ ಮನಸ್ಸಿನಲ್ಲಿ ನಿಜವಾಗಿ ಏನಿದೆ ಎಂದು ಬೆದರಿಕೆಯ ನೆರಳಿಲ್ಲದೆ ಕೇಳಿ ತಿಳಿಯುವುದಕ್ಕೆ ತಟಸ್ಥ ರಾಷ್ಟ್ರಗಳ ಆಯೋಗ ಒಂದನ್ನು ಮಾಡಿದರು. ಅದರ ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯಲು ಹೋದ ಭಾರತೀಯ ಪಡೆಯ ಮುಖ್ಯಸ್ಥರು ತೋರಟ್, ಕಾಂಗಾವಿನ ಹಳೆಯ ಜೊತೆಗಾರ. ಎರಡೂ ಕಡೆಯವರು ಬೈದರು. ಬಹುಪಾಲು ಕೈದಿಗಳು ಕೊನೆಗೂ ಊರಿಗೆ ಮರಳಲಿಲ್ಲ. ಈ ಕಡೆಯೂ ಬೇಡ, ಆ ಕಡೆಯೂ ಬೇಡ ಎಂದ 88 ಮಂದಿಯನ್ನು 1954ರ ಫೆಬ್ರವರಿಯಲ್ಲಿ ನಮ್ಮ ಪಡೆ ಹಡಗಿನಲ್ಲಿ ಮದ್ರಾಸಿಗೆ ಕರೆತಂದಿತು.

ಪ್ರಪಂಚದ ಸೇನಾನಿಗಳಲ್ಲಿ ಈ ಕೆಲಸಕ್ಕೆ ತಿಮ್ಮಯ್ಯನವರಿಗಿಂತ ತಕ್ಕವರು ಸಿಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಕೈದಿಯಾದವನು ತಂತಿಬೇಲಿಯ ಒಳಗೆ ಕುಳಿತು ನಿಷ್ಠೆ ಬದಲಿಸುವುದೆಂದರೇನು ಎಂಬುದು ಅವರಿಗೆ ಪುಸ್ತಕದ ವಿಷಯವಾಗಿರಲಿಲ್ಲ. ಅವರ ಸ್ವಂತ ಅಣ್ಣ ಆ ಬೇಲಿಯೊಳಗೆ ಇದ್ದು ಬಂದವರು. ಕೊರಿಯಾದಲ್ಲಿ ಕುಳಿತಾಗ ಅವರಿಗೆ ಪೊನ್ನಪ್ಪನವರ ನೆನಪು ಬಂತೋ ಇಲ್ಲವೋ, ನಾವು ಓದುವಾಗ ಬಂದೇ ಬರುತ್ತದೆ.

ಒಕ್ಕದ ಕಥೆ ಇಲ್ಲಿಗೂ ಮುಗಿಯುವುದಿಲ್ಲ. 1965ರ ಸೆಪ್ಟೆಂಬರಿನಲ್ಲಿ, ಪಾಕಿಸ್ತಾನದೊಡನೆ ಯುದ್ಧದ ಕೊನೆಯ ಹೊತ್ತಿಗೆ, ಕಾರ್ಯಪ್ಪನವರ ಮಗ, ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ಪೆಟ್ಟು ಬಿದ್ದು ಅವರು ಸೆರೆಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಹಳೆಯ ಅಧಿಕಾರಿಯ ಮಗ ಎಂದು ತಿಳಿದು ಬಿಡುಗಡೆಯ ಮಾತು ಕಳಿಸಿದರು. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬ ಅರ್ಥದ ಉತ್ತರ ಮಡಿಕೇರಿಯಿಂದ ಹೋಯಿತು. ಮಗ ಉಳಿದ ಕೈದಿಗಳ ಜೊತೆಗೇ 1966ರಲ್ಲಿ ಬಿಡುಗಡೆಯಾಗಿ ಬಂದರು, ಮುಂದೆ ಏರ್ ಮಾರ್ಷಲ್ ಆದರು. ಈ ಕಥೆಯನ್ನು ತಂದೆಯ ದೊಡ್ಡತನವೆಂದು ಹೇಳುವುದು ರೂಢಿ. ಆ ಉತ್ತರ ಬರೆದ ಮೇಲೆ ತಂದೆಯಾದವನು ಕಳೆದ ರಾತ್ರಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 1965ರ ಡಿಸೆಂಬರ್ 18ರಂದು ತಿಮ್ಮಯ್ಯ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ನಿಧನರಾದರು. ಅವರ ಸಮಾಧಿ ಬೆಂಗಳೂರಿನಲ್ಲಿದೆ.

ಮಡಿಕೇರಿಯಲ್ಲಿ ಅವರು ಬೆಳೆದ ‘ಸನ್ನಿ ಸೈಡ್’ ಮನೆ ಬಹಳ ಕಾಲ ಸಾರಿಗೆ ಇಲಾಖೆಯ ಕಚೇರಿಯಾಗಿತ್ತು. ಲೈಸೆನ್ಸಿಗೆ ಅರ್ಜಿ ಹಿಡಿದು ನಿಂತವರಿಗೆ ಅದು ಯಾರ ಮನೆ ಎಂಬ ಯೋಚನೆ ಬರುವುದು ಹೇಗೆ? 2021ರ ಫೆಬ್ರವರಿ 6ರಂದು ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು, ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಮಕ್ಕಳನ್ನು ಕೊಡಗಿಗೆ ಕರೆದೊಯ್ಯುವವರು ರಾಜಾಸೀಟಿನಲ್ಲಿ ಫೋಟೋ ತೆಗೆಸಿಕೊಂಡು ಹಿಂದಿರುಗದೆ ಅಲ್ಲಿಗೂ ಹೋಗಬೇಕು. ಬಂದೂಕು ಟ್ಯಾಂಕುಗಳನ್ನು ಮಕ್ಕಳು ತಾವಾಗಿಯೇ ನೋಡಿಕೊಳ್ಳುತ್ತಾರೆ. ಅದು ಮೂವರು ಅಣ್ಣತಮ್ಮಂದಿರ ಮನೆ ಎಂದು ಹೇಳುವುದು ದೊಡ್ಡವರ ಕೆಲಸ.

ಇಷ್ಟೆಲ್ಲ ದೊಡ್ಡವರ ಮನೆಯ ಸಂಗತಿ, ನಮಗೇನು ಎನ್ನುವವರು ಇರಬಹುದು. ಜನರಲ್ಲುಗಳ ಮನೆಯಲ್ಲಿ ಹುಟ್ಟಿದವರು ಎಷ್ಟು ಮಂದಿ? ಆದರೆ ಆ 25 ಲಕ್ಷ ಜನ ಯಾರು? ಬಹುಪಾಲು ಹಳ್ಳಿಗಳಿಂದ ಹೋದ ಸಿಪಾಯಿಗಳು, ಚಾಲಕರು, ಅಡಿಗೆಯವರು, ಕಂಪೌಂಡರುಗಳು, ಸೇತುವೆ ಕಟ್ಟುವವರು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದಿಂದ ಹೊರಟವರು ಯುದ್ಧ ನಡೆದ ಕಡೆಯೆಲ್ಲ ರಸ್ತೆ ಸೇತುವೆ ಮಾಡಿದರು. ಇನ್ನೂ ಹಿಂದಕ್ಕೆ ಹೋದರೆ ಮೊದಲನೇ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದ ಸವಾರರ ಜೊತೆ ಸೇರಿ ಮೈಸೂರಿನ ಸವಾರರು ಗೆದ್ದರು, ಮಷಿನ್ ಗನ್ನುಗಳ ಎದುರು ಕುದುರೆ ಮತ್ತು ಈಟಿ ಹಿಡಿದು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ತಗಡಿನ ಟ್ರಂಕು ಇದ್ದರೆ ಈ ರಜೆಯಲ್ಲಿ ಕೆಳಗಿಳಿಸಿ. ಪದಕವೇನಾದರೂ ಸಿಕ್ಕಿದರೆ ಅದರ ಮುಖಕ್ಕಿಂತ ಅಂಚನ್ನು ನೋಡಬೇಕು. ಮೊದಲನೇ ಯುದ್ಧದ ಬೆಳ್ಳಿಯ ಪದಕದ ಅಂಚಿನಲ್ಲಿ ಸಿಪಾಯಿಯ ಸಂಖ್ಯೆ, ಹುದ್ದೆ, ಹೆಸರು, ಪಲ್ಟನ್ನು ಸಣ್ಣ ಅಕ್ಷರಗಳಲ್ಲಿ ಕೆತ್ತಿರುತ್ತದೆ. ಬೆಳ್ಳಿಯದಾದ್ದರಿಂದ ಬರಗಾಲದಲ್ಲಿ ಅಕ್ಕಸಾಲಿಗನ ಮೂಸೆ ಸೇರಿದವೂ ಉಂಟು. ಬಿಡುಗಡೆ ಪತ್ರ ಸಿಕ್ಕಿದರೆ ಇನ್ನೂ ಒಳ್ಳೆಯದು, ಊರು, ತಾಲ್ಲೂಕು, ತಂದೆಯ ಹೆಸರು, ಎತ್ತರ, ಮೈಮೇಲಿನ ಮಚ್ಚೆ ಕೂಡ ಅದರಲ್ಲಿರುತ್ತದೆ. ಮುತ್ತಜ್ಜನ ಎತ್ತರ ಎಷ್ಟೆಂದು ತಿಳಿಯುವ ಭಾಗ್ಯ ಎಷ್ಟು ಜನಕ್ಕಿದೆ? ಯುದ್ಧದಲ್ಲಿ ಮಡಿದವರಾದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಅಂತರ್ಜಾಲ ತಾಣದಲ್ಲಿ ಹೆಸರು ಹುಡುಕಬಹುದು, ಹಣ ಕೊಡಬೇಕಾಗಿಲ್ಲ. ಇಂಗ್ಲಿಷ್ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದಿರುವುದರಿಂದ ನಾಲ್ಕೈದು ಬಗೆಯ ಕಾಗುಣಿತ ಹಾಕಿ ನೋಡುವ ತಾಳ್ಮೆ ಬೇಕು. ಆಜಾದ್ ಹಿಂದ್ ಫೌಜಿನಲ್ಲಿದ್ದವರನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಅಂಥವರಿಗೆ ಪಿಂಚಣಿಯ ಕಾಗದಗಳು, ತಾಮ್ರಪತ್ರ, ಇಲ್ಲವೇ ಊರಿನವರ ಬಾಯಿಮಾತು.

ಕಾಗದಕ್ಕಿಂತ ಮೊದಲು ಮನುಷ್ಯರನ್ನು ಕೇಳಿ. ಎರಡನೇ ಯುದ್ಧ ಮುಗಿದು ಎಂಟು ದಶಕ ಕಳೆದಿದೆ. ಹೋಗಿ ಬಂದವರು ಬಹುತೇಕ ಇಲ್ಲ, ಅವರ ಮಕ್ಕಳು ಇದ್ದಾರೆ, ಅವರಿಗೂ ವಯಸ್ಸಾಗಿದೆ. ಎಷ್ಟು ಜನರನ್ನು ಕೊಂದರು ಎಂದು ಮಕ್ಕಳು ಕೇಳುತ್ತಾರೆ, ಅದು ಬೇಡ. ಯಾವ ರೇಲ್ವೆ ಸ್ಟೇಷನ್ನಿಂದ ಹೊರಟರು, ಕಾಗದ ಬರೆದುಕೊಟ್ಟವರು ಯಾರು, ಮನಿಯಾರ್ಡರು ಎಷ್ಟು ಬರುತ್ತಿತ್ತು, ಅದು ಬಾರದ ತಿಂಗಳು ಮನೆ ಹೇಗೆ ನಡೆಯಿತು, ಹೊಲ ಉತ್ತವರು ಯಾರು ಎಂದು ಕೇಳಿ. ಅಜ್ಜಿಯಂದಿರಿಗೆ ಇವೆಲ್ಲ ಗೊತ್ತಿರುತ್ತದೆ, ಯಾರೂ ಕೇಳದ್ದರಿಂದ ಹೇಳಿರುವುದಿಲ್ಲ. ಸಿಕ್ಕಿದ ಫೋಟೋಗಳ ಹಿಂದೆ ಪೆನ್ಸಿಲಿನಿಂದ ಹೆಸರು ಬರೆದಿಡಿ.

ಪಲ್ಟನ್ನಿನ ಹೆಸರು ಮತ್ತು ಸಿಪಾಯಿಯ ಸಂಖ್ಯೆ ಎರಡನ್ನೂ ತಪ್ಪದೆ ಬರೆದುಕೊಳ್ಳಿ ಎನ್ನುವುದಕ್ಕೆ ಕಾರಣವಿದೆ. ಮೊದಲನೇ ಯುದ್ಧದಲ್ಲಿ ಇರಾಕಿನಲ್ಲಿ ಸತ್ತು, ಸಮಾಧಿಯೂ ಇಲ್ಲದೆ ಹೋದ ಸೈನಿಕರಿಗಾಗಿ ಬಸ್ರಾದಲ್ಲಿ ಒಂದು ದೊಡ್ಡ ಸ್ಮಾರಕ ಕಟ್ಟಿದರು. ಬ್ರಿಟಿಷರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕಲ್ಲಿನಲ್ಲಿ ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳನ್ನು ಮಾತ್ರ ಪಲ್ಟನ್ನಿನ ಹೆಸರಿನ ಕೆಳಗೆ ಬರಿಯ ಸಂಖ್ಯೆಯಾಗಿ, ಇಷ್ಟು ಮಂದಿ ಎಂದು ತೋರಿಸಿ ಸುಮ್ಮನಾದರು. ಹೀಗೆ ಏಷ್ಯಾ ಆಫ್ರಿಕಾಗಳ ಕನಿಷ್ಠ 45 ಸಾವಿರ ಮಂದಿಗೆ ಸಮನಾದ ಗೌರವ ಸಲ್ಲಲಿಲ್ಲವೆಂದು ಆಯೋಗವೇ 2021ರಲ್ಲಿ ವರದಿ ಮಾಡಿ ಕ್ಷಮೆ ಕೇಳಿತು. ಆ ‘ಇಷ್ಟು ಮಂದಿ’ಯಲ್ಲಿ ನಿಮ್ಮ ಮುತ್ತಜ್ಜನ ಅಣ್ಣನೋ ತಮ್ಮನೋ ಇದ್ದರೆ, ಅವನ ಹೆಸರು ಇರುವುದು ನಿಮ್ಮ ಟ್ರಂಕಿನಲ್ಲಿ.